ಕರೆಂಟು ಚಿಕಿತ್ಸೆ: ಭಯ ಎಷ್ಟು, ನಿಜ ಎಷ್ಟು?

(ಸಂಘದ ರಜತ ಮಹೋತ್ಸವದ ಎರಡನೆಯ ದಿನ ನಡೆದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇದಕ್ಕೆ ಮುಂಚೆ ಮಾತಾಡಿದ ಡಾಕ್ಟರು ಸಕ್ಕರೆ ಕಾಯಿಲೆ, ರಕ್ತದೊತ್ತಡದ ವಿಷಯವನ್ನು ಬಹಳ ಚೆನ್ನಾಗಿ ತಿಳಿಸಿಕೊಟ್ಟರು. ನಾವು ಡಾಕ್ಟರಲ್ಲ. ನಮ್ಮ ಮನೆಗೆ ಒಂದು ಕಾಯಿಲೆ ಬಂತು, ಅದಕ್ಕೆ ಊರೆಲ್ಲ ಹೆದರುವಂಥ ಒಂದು ಚಿಕಿತ್ಸೆ ಆಯಿತು. ಅದನ್ನು ಹತ್ತಿರದಿಂದ ಕಂಡವರು ಅನ್ನುವ ಒಂದೇ ಅರ್ಹತೆ ನಮ್ಮದು. ಕಾರ್ಯದರ್ಶಿಗಳು ಮನೆಗೆ ಬಂದು "ಕಂಡದ್ದನ್ನು ಕಂಡ ಹಾಗೆ ಹೇಳಿ, ಸಾಕು" ಅಂದರು. ಯಾರ ವಿಷಯ ಹೇಳಬೇಕೋ ಅವರನ್ನೇ, ಅಂದರೆ ನಮ್ಮ ತಾಯಿಯವರನ್ನೇ ಮೊದಲು ಕೇಳಿದೆವು. "ಊರಿಗೆಲ್ಲ ಗೊತ್ತಿರೋದನ್ನ ಮುಚ್ಚಿಟ್ಟು ಏನು ಬಂತು? ಹೇಳಿ. ಆದ್ರೆ ಉಪ್ಪು ಖಾರ ಹಚ್ಚಬೇಡಿ" ಅಂದರು. ಅವರ ಅಪ್ಪಣೆಯಂತೆಯೇ ಹೇಳುತ್ತೇವೆ.

ಮೊದಲು ಕಾಯಿಲೆಯ ವಿಷಯ. ಅದು ಸರಿಯಾಗಿ ತಿಳಿಯದಿದ್ದರೆ ಚಿಕಿತ್ಸೆ ಯಾಕೆ ಅನ್ನೋದು ತಿಳಿಯೋದಿಲ್ಲ. ದುಃಖ ಬೇರೆ, ಖಿನ್ನತೆ ಬೇರೆ. ಮಳೆ ಕೈಕೊಟ್ಟರೆ, ದನ ಸತ್ತರೆ, ಮನೆಯಲ್ಲಿ ಸಾವಾದರೆ ಯಾರಿಗೆ ದುಃಖ ಆಗೋದಿಲ್ಲ? ಅತ್ತು, ನಾಲ್ಕು ಜನರ ಹತ್ತಿರ ಹೇಳಿಕೊಂಡು, ದಿನ ಕಳೆದ ಹಾಗೆ ಮನಸ್ಸು ತಿಳಿಯಾಗುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರಕ್ಕೂ ಮೀರಿ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುತ್ತದೆ. ನಿದ್ರೆ ಹೋಗುತ್ತದೆ, ಹಸಿವು ಹೋಗುತ್ತದೆ, ಯಾವುದರಲ್ಲೂ ಆಸಕ್ತಿ ಉಳಿಯೋದಿಲ್ಲ. ನಾನು ಪಾಪಿ, ನಾನು ಮನೆಗೆ ಭಾರ ಅನ್ನುವ ಯೋಚನೆ ಸುತ್ತಿಕೊಳ್ಳುತ್ತದೆ. ಇದು ತೀವ್ರವಾದಾಗ ಇಲ್ಲದ್ದನ್ನು ಇದೆ ಎಂದು ನಂಬುವ ಮಟ್ಟಕ್ಕೂ ಹೋಗುತ್ತದೆ. ಸೋಮಾರಿತನ, ಮೈಗಳ್ಳತನ ಅಂತ ಬೈದರೆ ವಾಸಿಯಾಗುವಂಥದ್ದಲ್ಲ. ಮುರಿದ ಕಾಲಿಗೆ "ನಡಿ ನಡಿ" ಅಂದರೆ ನಡೆದೀತೇ?

2018ರ ಆಷಾಢದಲ್ಲಿ ನಮ್ಮ ತಾಯಿಗೆ ಇದು ಶುರುವಾಯಿತು. ಆಗ ಅವರಿಗೆ 58 ವರ್ಷ. ಬೆಳಗಿನ ಜಾವ ಮೂರಕ್ಕೇ ಎದ್ದು ಕೂರೋರು. ಹಸುವಿನ ಹತ್ತಿರ ಹೋಗೋದು ಬಿಟ್ಟರು. ತಲೆ ಬಾಚಿಕೊಳ್ಳೋದು, ಕೊನೆಗೆ ಮಾತೂ ಬಿಟ್ಟರು. ಆಮೇಲೆ ಒಂದು ಮಾತು ಹಿಡಿದುಕೊಂಡರು: "ಸಂಘದ ಸಾಲ ನನ್ನಿಂದ ಉಳಿದಿದೆ, ಪೊಲೀಸರು ಬರ್ತಾರೆ, ಮನೆ ಹರಾಜಾಗುತ್ತೆ." ಹಸುವಿಗಾಗಿ ತೆಗೆದ ಸಾಲ ಅದು. 2017ರಲ್ಲೇ ಪೂರ್ತಿ ತೀರಿತ್ತು. ಕಾರ್ಯದರ್ಶಿಗಳು ತಾವಾಗಿಯೇ ಖಾತೆ ಪುಸ್ತಕ ಹಿಡಿದು ಮನೆಗೆ ಬಂದರು. ಪಕ್ಕದಲ್ಲಿ ಕೂತು, ಬಾಕಿ ಕಾಲಂನಲ್ಲಿ ಸೊನ್ನೆ ಇರುವುದನ್ನು ಬೆರಳಿಟ್ಟು ತೋರಿಸಿದರು. ತಾಯಿ ನೋಡಿದರು, ಓದಿದರು, "ಇದು ನನಗೋಸ್ಕರ ಬೇರೆ ಬರೆಸಿಕೊಂಡು ಬಂದಿದ್ದೀರಿ" ಅಂದರು. ಇದು ತಿಳಿವಳಿಕೆ ಹೇಳಿ ತಿದ್ದುವ ತಪ್ಪಲ್ಲ, ಕಾಯಿಲೆ ಅಂತ ನಮಗೆ ಮನದಟ್ಟಾಗಿದ್ದು ಆ ಹೊತ್ತಿನಲ್ಲಿ.

ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಒಂದು ಬಗೆಯ ಮಾತ್ರೆ ಪೂರ್ತಿ ಪ್ರಮಾಣದಲ್ಲಿ ಆರು ವಾರ, ಅದು ಹಿಡಿಯಲಿಲ್ಲ ಅಂತ ಇನ್ನೊಂದು ಬಗೆಯದು ಆರು ವಾರ. ಆ ವೈದ್ಯರು ಮೊದಲ ದಿನವೇ ಒಂದು ಮಾತು ಹೇಳಿದ್ದರು. ಮನೆಯಲ್ಲಿರುವ ಕ್ರಿಮಿನಾಶಕವನ್ನೆಲ್ಲ ಇವತ್ತೇ ಮನೆಯಿಂದ ಹೊರಗೆ ಸಾಗಿಸಿ, ಇಲ್ಲವೇ ಬೀಗ ಹಾಕಿ, ಬೀಗದ ಕೈ ಒಬ್ಬರ ಹತ್ತಿರವೇ ಇರಲಿ ಅಂತ. ರೈತರ ಮನೆಯಲ್ಲಿ ಯಾರಿಗೇ ಈ ಕಾಯಿಲೆ ಬರಲಿ, ಮಾತ್ರೆಗೂ ಮುಂಚೆ ಆಗಬೇಕಾದ ಕೆಲಸ ಇದು. ದಯವಿಟ್ಟು ನೆನಪಿಡಿ.

ನವೆಂಬರ್ ಕೊನೆಯ ಹೊತ್ತಿಗೆ ತಾಯಿಯವರು ನೀರನ್ನೂ ಬೇಡ ಅನ್ನತೊಡಗಿದರು. ಕರುಳು ಕೊಳೆತಿದೆ, ಒಳಗೆ ಹೋದದ್ದು ಎಲ್ಲಿಗೂ ಹೋಗೋದಿಲ್ಲ ಅನ್ನೋರು. 54 ಕಿಲೋ ಇದ್ದವರು 43ಕ್ಕೆ ಇಳಿದಿದ್ದರು. ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿಯ ಮನೋವೈದ್ಯರು ನಮ್ಮನ್ನೆಲ್ಲ ಕೂರಿಸಿಕೊಂಡು, "ಮಾತ್ರೆ ಕೆಲಸ ಮಾಡೋವರೆಗೆ ಕಾಯುವಷ್ಟು ಸಮಯ ಇವರಿಗಿಲ್ಲ. ವಿದ್ಯುತ್ ಕಂಪನ ಚಿಕಿತ್ಸೆ ಕೊಡೋದು ಒಳ್ಳೇದು" ಅಂದರು. ನಮ್ಮ ಕಡೆ ಅದನ್ನೇ ಶಾಕ್ ಟ್ರೀಟ್‌ಮೆಂಟ್, ಕರೆಂಟು ಕೊಡಿಸೋದು ಅನ್ನುತ್ತೇವೆ.

ಮನೆಯಲ್ಲಿ ಗಲಾಟೆಯೇ ಆಯಿತು ಅನ್ನಿ. ಸೋದರಮಾವ "ಅಕ್ಕನಿಗೆ ಕರೆಂಟು ಹೊಡೆಸ್ತೀರೇನ್ರೋ" ಅಂತ ಕಣ್ಣೀರು ಹಾಕಿದರು. ಅವರ ಭಯಕ್ಕೆ ಕಾರಣ ಇತ್ತು. ನಾವೆಲ್ಲ ಸಿನಿಮಾದಲ್ಲಿ ಕಂಡಿದ್ದು ಏನು? ಮಂಚಕ್ಕೆ ಕಟ್ಟಿಹಾಕಿ, ತಲೆಗೆ ತಂತಿ ಇಟ್ಟು, ಎಚ್ಚರ ಇರುವವರಿಗೇ ಕರೆಂಟು ಹರಿಸೋದು, ಅವರು ಚೀರೋದು. 1975ರಲ್ಲಿ ಬಂದ 'ಒನ್ ಫ್ಲೂ ಓವರ್ ದ ಕಕೂಸ್ ನೆಸ್ಟ್' ಎಂಬ ಇಂಗ್ಲಿಷ್ ಚಿತ್ರದಲ್ಲಿ ಎದುರು ಮಾತಾಡಿದವನಿಗೆ ಶಿಕ್ಷೆ ಅನ್ನುವ ಹಾಗೆ ಇದನ್ನು ಕೊಡುತ್ತಾರೆ. ನಮ್ಮ ಭಾಷೆಗಳ ಚಿತ್ರಗಳಲ್ಲಿ ಖಳನಾಯಕರ ಕೈಗೂ ಈ ಯಂತ್ರ ಸಿಕ್ಕಿದ್ದುಂಟು.

ಈ ಭಯವೆಲ್ಲ ಬರೀ ಕಟ್ಟುಕಥೆಯಿಂದ ಹುಟ್ಟಿದ್ದೂ ಅಲ್ಲ. ಸ್ವಲ್ಪ ಚರಿತ್ರೆ ಹೇಳಬೇಕು. 1934ರಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್‌ನಲ್ಲಿ ಮೆಡೂನಾ ಎಂಬ ವೈದ್ಯರು ಕರ್ಪೂರದ ಇಂಜೆಕ್ಷನ್ ಕೊಟ್ಟು, ಬೇಕೆಂದೇ ಫಿಟ್ಸ್ ಬರಿಸಿ, ಅದರಿಂದ ಮಾನಸಿಕ ರೋಗಿಗಳಲ್ಲಿ ಕೆಲವರು ಸುಧಾರಿಸುವುದನ್ನು ಕಂಡರು. 1938ರಲ್ಲಿ ಇಟಲಿಯ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬೀನಿ ಎಂಬ ಇಬ್ಬರು ವೈದ್ಯರು ಕರ್ಪೂರದ ಬದಲು ವಿದ್ಯುತ್ತಿನಿಂದ ಅದೇ ಕೆಲಸ ಮಾಡಿದರು. ಆಗ ಅರಿವಳಿಕೆ ಇರಲಿಲ್ಲ. ಇಡೀ ಮೈ ಸೆಟೆದು ಅದುರುತ್ತಿತ್ತು. ಕೆಲವರಿಗೆ ಬೆನ್ನುಮೂಳೆ, ತೊಡೆಮೂಳೆ ಮುರಿದದ್ದೂ ಉಂಟು. ಹಲವು ದೇಶಗಳ ದೊಡ್ಡ ದೊಡ್ಡ ಹುಚ್ಚಾಸ್ಪತ್ರೆಗಳಲ್ಲಿ ರೋಗಿಯ ಒಪ್ಪಿಗೆ ಕೇಳದೆ, ಬೇಕಾಬಿಟ್ಟಿ ಬಳಸಿದ ಕಾಲವೂ ಇತ್ತು. ಅದನ್ನು ಕಂಡವರು, ಅನುಭವಿಸಿದವರು ಹೆದರಿದರೆ ಅವರದು ತಪ್ಪಲ್ಲ.

ಆದರೆ ಚಿಕಿತ್ಸೆ ಅಲ್ಲಿಗೇ ನಿಂತುಬಿಡಲಿಲ್ಲ. 1940ರಿಂದ ಸ್ನಾಯು ಸಡಿಲಿಸುವ ಔಷಧಿಗಳ ಬಳಕೆ ಶುರುವಾಯಿತು. 1950ರ ದಶಕದಲ್ಲಿ ಹೆಚ್ಚು ಸುರಕ್ಷಿತವಾದ ಔಷಧಿಗಳು ಬಂದವು. ಅರಿವಳಿಕೆ ಬಂತು, ಆಮ್ಲಜನಕ ಬಂತು. ಮೊದಲಿನ ಹಾಗೆ ಮನೆ ಲೈನಿನ ತರಹದ ಕರೆಂಟು ಬಿಟ್ಟು, ಅತಿ ಸಣ್ಣ ಸಣ್ಣ ತುಣುಕುಗಳಾಗಿ ಅಳೆದು ಕೊಡುವ ಯಂತ್ರಗಳು ಬಂದವು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ಖಿನ್ನತೆಗೆ ಮಾತ್ರೆ ಮತ್ತು ಈ ಚಿಕಿತ್ಸೆ ಎರಡನ್ನೂ ಹೋಲಿಸಿ ನಡೆಸಿದ ಅಧ್ಯಯನ 1982ರಲ್ಲಿ ಪ್ರಕಟವಾಗಿತ್ತು. ಬರೀ ಅರಿವಳಿಕೆ ಕೊಟ್ಟು ಕರೆಂಟು ಕೊಡದೆ ಇದ್ದವರನ್ನೂ, ನಿಜವಾಗಿ ಕೊಟ್ಟವರನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2003ರಲ್ಲಿ ಇಂಗ್ಲೆಂಡಿನ ತಜ್ಞರು ಲೆಕ್ಕ ಹಾಕಿದರು. ನಿಜವಾಗಿ ಕೊಟ್ಟವರಲ್ಲೇ ಗುಣ ಹೆಚ್ಚು ಅನ್ನೋದು ಸ್ಪಷ್ಟವಾಯಿತು.

ಕಾನೂನೂ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಈ ಚಿಕಿತ್ಸೆ ಕೊಡಲೇಬಾರದು ಎಂದು ಅದರ 95ನೆಯ ಕಲಂ ಹೇಳುತ್ತದೆ. 18 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಕೊಡುವಂತಿಲ್ಲ. ಅಗತ್ಯ ಬಿದ್ದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಮೊದಲೇ ಬೇಕು. ಅಂದರೆ ಸಿನಿಮಾದಲ್ಲಿ ಕಂಡ ಹಾಗೆ ಇವತ್ತು ಯಾರಾದರೂ ಮಾಡಿದರೆ ಅದು ಚಿಕಿತ್ಸೆಯಲ್ಲ, ಅಪರಾಧ.

ಒಪ್ಪಿಗೆಯ ವಿಷಯದಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು. ವೈದ್ಯರು ತಾಯಿಯವರಿಗೇ ನೇರವಾಗಿ, ನಿಧಾನವಾಗಿ ವಿವರಿಸಿ, "ಇದಕ್ಕೆ ಒಪ್ತೀರಾ ಅಮ್ಮ?" ಅಂತ ಕೇಳಿದರು. ತಾಯಿ ತಕ್ಷಣ "ಕೊಡಿ ಸ್ವಾಮಿ, ನನಗೆ ಶಿಕ್ಷೆ ಆಗಲೇಬೇಕು" ಅಂದರು. ಒಪ್ಪಿದರಲ್ಲ ಅಂತ ನಮಗೆ ಸಮಾಧಾನ. ವೈದ್ಯರು ಮಾತ್ರ ಕಾಗದ ಪಕ್ಕಕ್ಕಿಟ್ಟರು. "ಇದು ಒಪ್ಪಿಗೆ ಅಲ್ಲ. ಇವರು ಶಿಕ್ಷೆ ಅಂದುಕೊಂಡು ಹೂಂ ಅಂತಿದ್ದಾರೆ. ಚಿಕಿತ್ಸೆ ಅಂತ ತಿಳಿದು ಹೂಂ ಅಂದರೆ ಮಾತ್ರ ಒಪ್ಪಿಗೆ" ಅಂದರು. ರೋಗಿಗೆ ನಿರ್ಧಾರ ಮಾಡುವ ಶಕ್ತಿ ಇಲ್ಲದ ಹೊತ್ತಿನಲ್ಲಿ ನಾಮನಿರ್ದೇಶಿತ ಪ್ರತಿನಿಧಿಯ ಮೂಲಕ ಮುಂದುವರಿಯಲು ಕಾಯ್ದೆಯಲ್ಲಿ ಕ್ರಮ ಇದೆ. ಬೇರೆ ಇಬ್ಬರು ಪ್ರತ್ಯೇಕವಾಗಿ ತಾಯಿಯವರನ್ನು ಪರೀಕ್ಷಿಸಿದರು. ನಮ್ಮ ತಂದೆಯವರು ಪ್ರತಿನಿಧಿಯಾಗಿ ರುಜು ಹಾಕಿದರು. ತಾಯಿಗೆ ತಿಳಿವು ಮರಳಿದ ಮೇಲೆ ವೈದ್ಯರು ಮತ್ತೆ ಅವರನ್ನೇ ಕೇಳಿ, ಉಳಿದ ಸಲಕ್ಕೆ ಅವರದೇ ರುಜು ಪಡೆದರು. ಇಷ್ಟು ಜೋಪಾನ ಇರುವ ಕಡೆ ನಂಬಿಕೆ ತಾನಾಗಿ ಬರುತ್ತದೆ.

ಈಗ ಹೇಗೆ ಕೊಡ್ತಾರೆ ಅನ್ನೋದು. ಮೊದಲು ರಕ್ತ ಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ ಆದವು. ಇತ್ತೀಚೆಗೆ ಹೃದಯಾಘಾತ ಅಥವಾ ಲಕ್ವ ಆಗಿದ್ದರೆ, ಮಿದುಳಿನೊಳಗೆ ಒತ್ತಡ ಹೆಚ್ಚಿದ್ದರೆ ವೈದ್ಯರು ಬಹಳ ಎಚ್ಚರ ವಹಿಸುತ್ತಾರೆ. ಹಲ್ಲು ನೋಡಿದರು. ಒಂದು ಹಲ್ಲು ಅಲುಗಾಡುತ್ತಿತ್ತು, ಅದನ್ನು ತೆಗೆಸಿದರು. ಚಿಕಿತ್ಸೆಯ ಹಿಂದಿನ ರಾತ್ರಿ ಊಟವಾದ ಮೇಲೆ ಬೆಳಗಿನವರೆಗೆ ಏನೂ ಕೊಡುವಂತಿಲ್ಲ. ಸೋಮವಾರ, ಬುಧವಾರ, ಶುಕ್ರವಾರ, ಹೀಗೆ ವಾರಕ್ಕೆ ಮೂರು ದಿನ ಬೆಳಿಗ್ಗೆ.

ನಾವು ಬಾಗಿಲ ಹೊರಗೆ ಕೂರುತ್ತಿದ್ದೆವು. ಒಳಗೆ ನಡೆಯುವುದನ್ನು ಅರಿವಳಿಕೆ ವೈದ್ಯರು ನಮಗೆ ಬಿಡಿಸಿ ಹೇಳಿದ್ದರು. ಕೈಯ ರಕ್ತನಾಳಕ್ಕೆ ನಿದ್ರೆಯ ಔಷಧಿ ಕೊಡ್ತಾರೆ. ಅರ್ಧ ನಿಮಿಷದೊಳಗೆ ನಿದ್ದೆ. ಆಮೇಲೆ ಸ್ನಾಯು ಸಡಿಲಿಸುವ ಔಷಧಿ. ಮೂಗು ಬಾಯಿಗೆ ಆಮ್ಲಜನಕ, ಹಲ್ಲಿನ ನಡುವೆ ರಬ್ಬರಿನ ತುಂಡು. ನಂತರ ತಲೆಗೆ ಕೆಲವೇ ಸೆಕೆಂಡುಗಳ ಕರೆಂಟು. ನಾವೆಲ್ಲ ಪಂಪ್‌ಸೆಟ್ಟಿನ ಕರೆಂಟು ಕಂಡವರಲ್ಲವೇ, ಎಷ್ಟು ಸ್ವಾಮಿ ಅಂತ ಕೇಳಿದೆವು. ಒಟ್ಟು ಶಕ್ತಿ ಸಾಮಾನ್ಯವಾಗಿ 100 ಜೂಲ್ ಮೀರೋದಿಲ್ಲವಂತೆ. 60 ವಾಟಿನ ಬಲ್ಬು ಎರಡು ಸೆಕೆಂಡು ಉರಿಯುವಷ್ಟೂ ಅಲ್ಲ. ಗುಣ ಕೊಡುವುದು ಕರೆಂಟಲ್ಲ, ಅದರಿಂದ ಮಿದುಳಿನಲ್ಲಿ ಏಳುವ ಫಿಟ್ಸ್. ಅದು ಅರ್ಧ ನಿಮಿಷದಿಂದ ಒಂದು ನಿಮಿಷದ ತನಕ ಇರುತ್ತದೆ. ಮಿದುಳಿನ ರಾಸಾಯನಿಕಗಳಲ್ಲಿ, ನರಗಳ ಸಂಪರ್ಕದಲ್ಲಿ ಅದು ಬದಲಾವಣೆ ತರುತ್ತದೆ. ಮೈ ಸಡಿಲವಾಗಿರುವುದರಿಂದ ಹೊರಗೆ ಹೆಚ್ಚಾಗಿ ಏನೂ ಕಾಣಿಸೋದಿಲ್ಲ. ಅದಕ್ಕೇ ಒಂದು ಕಣಕಾಲಿಗೆ ಬಿಪಿ ಪಟ್ಟಿ ಬಿಗಿದಿರುತ್ತಾರೆ. ಸಡಿಲಿಸುವ ಔಷಧಿ ಆ ಪಾದಕ್ಕೆ ಇಳಿಯೋದಿಲ್ಲ, ಆ ಪಾದ ಅದುರುವುದನ್ನು ನೋಡಿ ಫಿಟ್ಸ್ ಎಷ್ಟು ಹೊತ್ತು ಬಂತು ಅಂತ ಲೆಕ್ಕ ಹಾಕ್ತಾರೆ. ಯಂತ್ರವೂ ಗೆರೆ ಹಾಕಿ ತೋರಿಸುತ್ತದೆ. ಕೆಲವೇ ನಿಮಿಷದಲ್ಲಿ ರೋಗಿಗೆ ಎಚ್ಚರ. ಅರ್ಧ ಗಂಟೆ ಮಂಕು, ತಲೆನೋವು, ಸ್ವಲ್ಪ ಮೈಕೈ ನೋವು. ಆಮೇಲೆ ಕಾಫಿ, ಇಡ್ಲಿ. ಚೀರಾಟವೂ ಇಲ್ಲ, ಕಟ್ಟಿಹಾಕುವುದೂ ಇಲ್ಲ.

ಜೀವಕ್ಕೆ ಅಪಾಯ ಇಲ್ಲವೇ ಎಂದು ಸೋದರಮಾವ ಕೇಳಿದರು. ಅರಿವಳಿಕೆ ಅಂದ ಮೇಲೆ ಸೊನ್ನೆ ಅಂತ ಯಾರೂ ಹೇಳಲಾರರು. ಹಲವು ದೇಶಗಳ ಲೆಕ್ಕ ಕೂಡಿಸಿ 2017ರಲ್ಲಿ ಪ್ರಕಟವಾದ ವರದಿಯಂತೆ ಒಂದು ಲಕ್ಷ ಸಲ ಈ ಚಿಕಿತ್ಸೆ ಕೊಟ್ಟರೆ ಸಾವು ಸುಮಾರು ಎರಡು. ಅನ್ನ ನೀರು ಬಿಟ್ಟು ಮಲಗಿರುವವರಿಗೆ ಮನೆಯಲ್ಲಿರುವ ಅಪಾಯದ ಜೊತೆ ಇದನ್ನು ತೂಗಿ ನೋಡಿ. ಮಾವನೂ ತೂಗಿ ನೋಡಿದರು. ಮೊದಲ ದಿನ ಬಾಗಿಲ ಹೊರಗೆ ನಮ್ಮ ಜೊತೆ ಕೂತವರು ಅವರೇ.

ಮೂರನೆಯ ಸಲ ಆದ ಮೇಲೆ ತಾಯಿಯವರು ತಾವಾಗಿ ಲೋಟ ಹಿಡಿದು ಗಂಜಿ ಕುಡಿದರು. ಐದಾದ ಮೇಲೆ "ಹಸು ಕರೆಯೋರು ಯಾರು?" ಅಂತ ಕೇಳಿದರು. ಆರಾದ ಮೇಲೆ ನಾವು ಹೆದರುತ್ತ ಹೆದರುತ್ತ ಸಂಘದ ಸಾಲದ ಮಾತೆತ್ತಿದೆವು. "ತೀರಿದೆ ಕಣ್ರೋ. ಸೊನ್ನೆ ಕಣ್ಣಿಗೆ ಕಾಣ್ತಿತ್ತು, ಮನಸ್ಸು ನಂಬ್ತಿರಲಿಲ್ಲ" ಅಂದರು. ಸಾಮಾನ್ಯವಾಗಿ ಆರರಿಂದ ಹನ್ನೆರಡು ಸಲ ಬೇಕಾಗುತ್ತದೆ. ತಾಯಿಯವರಿಗೆ ಎಂಟು ಸಲಕ್ಕೆ ನಿಲ್ಲಿಸಿದರು. 2019ರ ಸಂಕ್ರಾಂತಿಗೆ ಮನೆಯಲ್ಲಿದ್ದರು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾವು ಹೇಳುವುದಿಲ್ಲ. ತೀವ್ರ ಖಿನ್ನತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚೆನ್ನಾಗಿ ಗುಣ ಕಾಣಿಸುತ್ತದೆ, ಕೆಲವರಿಗೆ ಕಾಣಿಸೋದಿಲ್ಲ. ಅನ್ನ ನೀರು ಬಿಟ್ಟವರಿಗೆ, ಇಲ್ಲದ್ದನ್ನು ನಂಬುವ ಸ್ಥಿತಿಗೆ ಹೋದವರಿಗೆ, ಸಾಯುವ ಯೋಚನೆ ಬಲವಾಗಿರುವವರಿಗೆ, ಮಾತ್ರೆ ಹಿಡಿಯದವರಿಗೆ ಇದು. ಸಣ್ಣಪುಟ್ಟ ಬೇಸರಕ್ಕೆ, ಮನೆ ಜಗಳಕ್ಕೆ, ಕುಡಿತ ಬಿಡಿಸೋದಕ್ಕೆ ಇದಲ್ಲ. ಮಾತ್ರೆಯಿಂದಲೇ ವಾಸಿಯಾಗುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಥವರಿಗೆ ಯಾರೂ ಇದನ್ನು ಹೇಳೋದೂ ಇಲ್ಲ.

ಇನ್ನು ನಷ್ಟದ ಬಾಬ್ತು. ಲಾಭ ಬರೆದು ನಷ್ಟ ಬರೆಯದ ಲೆಕ್ಕವನ್ನು ನಮ್ಮ ಸಂಘದ ಆಡಿಟರು ಒಪ್ತಾರೆಯೇ? ಮರೆವು ಆಗುತ್ತದೆ, ಅದು ನಿಜ. ಹೊಸ ವಿಷಯ ನೆನಪಿಟ್ಟುಕೊಳ್ಳುವ ತೊಂದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ತಾಯಿಯವರಿಗೂ ಸರಿಹೋಯಿತು. ಆದರೆ ಚಿಕಿತ್ಸೆಯ ದಿನಗಳ ಮತ್ತು ಅದರ ಹಿಂದಿನ ಕೆಲವು ತಿಂಗಳ ನೆನಪು ಕೆಲವರಿಗೆ ಮರಳಿ ಬರುವುದೇ ಇಲ್ಲ. 2018ರ ಜೂನ್‌ನಲ್ಲಿ, ಕಾಯಿಲೆಗೆ ಸ್ವಲ್ಪ ಮುಂಚೆ, ನಮ್ಮ ಮನೆಯಲ್ಲಿ ಮೊಮ್ಮಗಳ ನಾಮಕರಣ ಆಗಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಿದವರೇ ನಮ್ಮ ತಾಯಿ. ಫೋಟೋ ಇದೆ. ಆ ದಿನ ಮಾತ್ರ ಅವರ ನೆನಪಿನಲ್ಲಿಲ್ಲ. ಇವತ್ತಿಗೂ ಬಂದಿಲ್ಲ. ಆಲ್ಬಮ್ ನೋಡುವಾಗ ಆ ಹಾಳೆಗೆ ಬಂದರೆ ಒಂದು ಗಳಿಗೆ ಸುಮ್ಮನಾಗುತ್ತಾರೆ. ವೈದ್ಯರು ಇದನ್ನು ನಮಗೆ ಮೊದಲೇ ಹೇಳಿದ್ದರು. ಯಾರಾದರೂ ಮರೆವೇ ಇಲ್ಲ ಅಂತ ಹೇಳಿದರೆ ನಂಬಬೇಡಿ. ತಲೆಯ ಒಂದೇ ಪಕ್ಕಕ್ಕೆ ಕೊಟ್ಟರೆ, ಕರೆಂಟಿನ ತುಣುಕು ಇನ್ನೂ ಚಿಕ್ಕದಾಗಿದ್ದರೆ ಮರೆವು ಕಡಿಮೆ. ನಿಮ್ಮ ರೋಗಿಗೆ ಯಾವುದು ಸರಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ನಮ್ಮ ಮಾತಿನ ಮುಖ್ಯ ಭಾಗ ಇನ್ನು ಮುಂದೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದರೆ ಕೆಲಸ ಮುಗಿಯಿತು ಅಂತ ಎಲ್ಲರೂ ತಿಳಿಯುತ್ತಾರೆ. ಮನೆಯವರ ಕೆಲಸ ಶುರುವಾಗುವುದೇ ಅಲ್ಲಿಂದ. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಕೇಳಿ. ಈ ಚಿಕಿತ್ಸೆಯಿಂದ ಗುಣವಾದವರನ್ನು ಮೂರು ಗುಂಪು ಮಾಡಿ ಆರು ತಿಂಗಳು ನೋಡಿದರು. ಔಷಧಿ ಇಲ್ಲದ ಉತ್ತುತ್ತು ಮಾತ್ರೆ ಪಡೆದವರಲ್ಲಿ ನೂರಕ್ಕೆ 84 ಮಂದಿಗೆ ಕಾಯಿಲೆ ಮರುಕಳಿಸಿತು. ಖಿನ್ನತೆಯ ಒಂದೇ ಔಷಧಿ ಪಡೆದವರಲ್ಲಿ 60. ಅದರ ಜೊತೆಗೆ ಲಿಥಿಯಂ ಕೂಡ ಪಡೆದವರಲ್ಲಿ 39. ನೋಡಿ, ಮಾತ್ರೆ ನಿಲ್ಲಿಸಿದರೆ ಎಷ್ಟು ವ್ಯತ್ಯಾಸ! ಕರೆಂಟು ಚಿಕಿತ್ಸೆ ಹೊಂಡಕ್ಕೆ ಬಿದ್ದವರನ್ನು ಮೇಲೆತ್ತುತ್ತದೆ. ಮತ್ತೆ ಬೀಳದ ಹಾಗೆ ಬೇಲಿ ಹಾಕೋದು ಮಾತ್ರೆ, ತಪಾಸಣೆ, ಮನೆಯವರ ಕಣ್ಣು. ಕೆಲವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಂದು ಸಲ ಈ ಚಿಕಿತ್ಸೆಯನ್ನೇ ಮುಂದುವರಿಸುವುದೂ ಉಂಟು.

ನಾವು ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆವು. ರಾತ್ರಿ ಎಷ್ಟಕ್ಕೆ ಮಲಗಿದರು, ಎಷ್ಟಕ್ಕೆ ಎದ್ದರು, ಊಟ ಎಷ್ಟು, ತೂಕ ಎಷ್ಟು, ಮಾತ್ರೆ ಆಯಿತೇ. ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಾಗ್ಗೆ ರಕ್ತ ಪರೀಕ್ಷೆ ಆಗಲೇಬೇಕು, ಅದರ ತಾರೀಖೂ ಅದರಲ್ಲೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಬಸ್ಸು ನಿಂತಾಗ ಮಾತ್ರೆಯ ಚಿಂತೆ ಹತ್ತಿತು. ಪೇಟೆಗೆ ಹೋಗುತ್ತಿದ್ದ ಹಾಲಿನ ವಾಹನದವರು ಚೀಟಿ ತೆಗೆದುಕೊಂಡು ಹೋಗಿ ಮಾತ್ರೆ ತಂದುಕೊಟ್ಟರು. ಒಂದು ದಿನವೂ ತಪ್ಪಲಿಲ್ಲ. 2021ರ ಆಗಸ್ಟ್‌ನಲ್ಲಿ ಒಂದು ವಾರ ತಾಯಿಯವರು ಮತ್ತೆ ಬೆಳಗಿನ ಜಾವ ಮೂರಕ್ಕೇ ಏಳತೊಡಗಿದರು. ಕೇಳಿದರೆ "ಏನಿಲ್ಲ, ಚೆನ್ನಾಗಿದ್ದೀನಿ" ಅಂದರು. ನೋಟ್‌ಬುಕ್ ಮಾತ್ರ ಏನೋ ಇದೆ ಅಂತ ಹೇಳುತ್ತಿತ್ತು. ಎಂಟನೆಯ ದಿನ ವೈದ್ಯರ ಮುಂದೆ ಕೂರಿಸಿದೆವು. ಔಷಧಿಯ ಪ್ರಮಾಣ ಬದಲಾಯಿಸಿದರು. ಮೂರು ವಾರದಲ್ಲಿ ನಿದ್ರೆ ಸರಿಯಾಯಿತು. ಆಸ್ಪತ್ರೆ ಸೇರಬೇಕಾಗಲಿಲ್ಲ, ಕರೆಂಟು ಬೇಕಾಗಲಿಲ್ಲ.

ಮನೆಯದಾಯಿತು, ಊರಿನದು? ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 'ಶರಪಂಜರ' ಎಂದು ಚಿತ್ರ ಮಾಡಿದ್ದನ್ನು ಇಲ್ಲಿರುವ ಹಿರಿಯರೆಲ್ಲ ನೋಡಿದ್ದೀರಿ. ಕಲ್ಪನಾ ಅವರು ಮಾಡಿದ ಕಾವೇರಿಯ ಪಾತ್ರ ನೆನಪಿರಬೇಕು. ಅವಳು ಆಸ್ಪತ್ರೆಯಿಂದ ವಾಸಿಯಾಗಿಯೇ ಬರುತ್ತಾಳೆ. ಆಮೇಲೆ ಅವಳನ್ನು ಮುರಿದದ್ದು ಮನೆಯವರ ಅನುಮಾನ, ನೆರೆಹೊರೆಯವರ ನೋಟ. ಆ ಚಿತ್ರ ಬಂದು 50 ವರ್ಷ ದಾಟಿತು. ಆ ನೋಟ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ತಾಯಿಯವರು ಬಂದ ಹೊಸದರಲ್ಲಿ ನೀರಿನ ಟ್ಯಾಂಕಿನ ಹತ್ತಿರ ಒಬ್ಬರು "ತಲೆಗೆ ಕರೆಂಟು ಹೊಡೆಸಿಕೊಂಡು ಬಂದವಳು" ಅಂದದ್ದು ಅವರ ಕಿವಿಗೇ ಬಿತ್ತು. ಅದೇ ವಾರ ಇನ್ನೊಬ್ಬರು ಮನೆಗೆ ಬಂದು "ಬಾರಕ್ಕ, ಗುಂಪಿನ ಸಭೆ ಇದೆ, ಲೆಕ್ಕ ಬರೆಯೋಕೆ ನೀನೇ ಬೇಕು" ಅಂತ ಕೈ ಹಿಡಿದು ಕರೆದುಕೊಂಡು ಹೋದರು. ಎರಡೂ ನಮ್ಮ ಊರೇ. ಯಾವ ಮಾತಿನಿಂದ ಕಾಯಿಲೆಯವರು ಎದ್ದು ಕೂರುತ್ತಾರೆ ಅನ್ನೋದನ್ನ ತಾವೇ ಯೋಚಿಸಿ.

ಕಾಯಿಲೆಯವರು ಎಲ್ಲಿಗೆ ಹೋಗಬೇಕು ಅಂತ ಕೇಳಬಹುದು. ಈ ಕೆಲಸದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ಪ್ರಯೋಗ ಮಾಡಿ ತೋರಿಸಿದರು. 1996ರಲ್ಲಿ ಅದೇ ಇಡೀ ದೇಶಕ್ಕೆ ಮಾದರಿಯಾಯಿತು. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನೋರೋಗಗಳ ವಿಷಯವನ್ನು ಸರಳ ಕನ್ನಡದಲ್ಲಿ ಬರೆದು ಹಳ್ಳಿ ಹಳ್ಳಿಗೆ ಮುಟ್ಟಿಸಿದ್ದಾರೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ನಂಬರು 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಯಾರ ಬಾಯಲ್ಲೇ ಬರಲಿ, ತಮಾಷೆ ಅಂದುಕೊಳ್ಳದೆ ಆ ಹೊತ್ತಿಗೇ ಫೋನು ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಂಘದ ಆಡಳಿತ ಮಂಡಳಿಯವರಲ್ಲಿ ಮೂರು ವಿನಂತಿ. ಒಂದು, ಈ 14416 ನಂಬರನ್ನು ಗೊಬ್ಬರದ ದರಪಟ್ಟಿಯ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿ. ಎರಡು, ತಪ್ಪದೆ ಬರುತ್ತಿದ್ದ ಸದಸ್ಯರು ಹದಿನೈದು ದಿನ ಕಾಣದಿದ್ದರೆ, ಸಾಲದ ಕಂತು ಕೇಳಲಿಕ್ಕಲ್ಲ, ಕ್ಷೇಮ ಕೇಳಲಿಕ್ಕೆ ಒಬ್ಬರನ್ನು ಮನೆಗೆ ಕಳಿಸಿ. ಮೂರು, ಕ್ರಿಮಿನಾಶಕ ಮಾರುವಾಗ ಬೀಗ ಹಾಕಿಡುವ ಮಾತನ್ನು ಪ್ರತಿ ಸಲವೂ ಹೇಳಿ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದರ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಂಬಿಕೆಯಾಗಿತ್ತು. ಸಾಲಕ್ಕೆ ಜಾಮೀನು ನಿಲ್ಲುವ ನಾವು ಕಾಯಿಲೆಯ ಹೊತ್ತಿನಲ್ಲೂ ನಿಲ್ಲೋಣ ಎಂದು ಕೋರುತ್ತೇವೆ. ಮಾತಿನಲ್ಲಿ ಬಿಟ್ಟುಹೋದದ್ದಿದ್ದರೆ ಊಟದ ಪಂಕ್ತಿಯಲ್ಲಿ ಕೇಳಿ, ಸಂಕೋಚ ಬೇಡ. ತಾಯಿಯವರು ಬಡಿಸುವ ಸಾಲಿನಲ್ಲಿದ್ದಾರೆ, ಅವರನ್ನೇ ಕೇಳಿದರೂ ಹೇಳುತ್ತಾರೆ.